ತಿಗರಿ ಮಡಗುವ ಆವಿಗೆ

ಮಡಕೆಯನ್ನು ನಾನು ಯಾವತ್ತೂ ಹೊಗಳಿದವಳಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆ ನನ್ನನ್ನು ಕುಂಬಾರರ ಮನೆಗೆ ಕರೆದುಕೊಂಡು ಹೋಗಿ ಕಲಿಸಿದ್ದು ಇಷ್ಟೇ. ಎತ್ತು, ತಟ್ಟು, ಕೇಳು, ಆಮೇಲೆ ಮುಖ ಗಂಟು ಹಾಕು. ಮುಖ ಗಂಟು ಹಾಕದೆ ತಂದ ಮಡಕೆಗೆ ಮನೆಯಲ್ಲಿ ಮರ್ಯಾದೆ ಇರುವುದಿಲ್ಲ ಅನ್ನುವುದು ಅತ್ತೆಯ ಲೆಕ್ಕ.

ಆ ಪಾಠವನ್ನು ನಾನು ಅತ್ತೆಗಿಂತ ಚೆನ್ನಾಗಿ ಕಲಿತೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಕಲಿಯಲು ಬೇರೆ ಏನಿತ್ತು. ಎಡಗೈ ಬೆರಳುಗಳನ್ನು ಮಡಕೆಯ ಕಂಠದೊಳಗೆ ಕೊಟ್ಟು ಗಾಳಿಯಲ್ಲಿ ಎತ್ತಿ ಹಿಡಿಯಬೇಕು. ಬಲಗೈ ಗೆಣ್ಣಿನಿಂದ ಒಂದು ಏಟು. ಟಣ್ ಅಂದರೆ ಬೆಂದಿದೆ, ಗಟ್ಟಿ ಇದೆ. ಡಬ್ ಅಂದರೆ ಕಣ್ಣಿಗೆ ಕಾಣದ ಸೀಳು ಎಲ್ಲೋ ಇದೆ, ನೀರು ಹಾಕಿದ ಮೇಲೆ ಗೊತ್ತಾಗುತ್ತೆ. ಡಬ್ ಅಂದದ್ದನ್ನು ನಾನು ಅಲ್ಲೇ ಪಕ್ಕಕ್ಕೆ ಇಟ್ಟುಬಿಡುತ್ತಿದ್ದೆ. ಟಣ್ ಅಂದದ್ದನ್ನು ಏನೂ ಹೇಳದೆ ಮಂಕರಿಗೆ ಹಾಕಿಕೊಳ್ಳುತ್ತಿದ್ದೆ. ಚೆನ್ನಾಗಿದೆ ಅನ್ನುವ ಮಾತು ನನ್ನ ಬಾಯಿಂದ ಬಂದದ್ದಿಲ್ಲ.

ಕುಂಬಾರಣ್ಣನಿಗೆ ಇದು ಗೊತ್ತು. ಆಗ ಅವನು ಹೊಸದಾಗಿ ಮೀಸೆ ಬಿಟ್ಟ ಗಂಡು. ನಾನು ಅವರ ಅಂಗಳಕ್ಕೆ ಕಾಲಿಟ್ಟರೆ, "ಗೌಡ್ತಮ್ಮ ಬಂದ್ಳು, ಎಲ್ಲಾ ನೆಟ್ಗೆ ನಿಂತ್ಕಳ್ರಪ್ಪ" ಎಂದು ಮಡಕೆಗಳಿಗೆ ಹೇಳುತ್ತಿದ್ದ. ಅವನ ಹೆಂಡತಿ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ನನ್ನ ಮದುವೆಯ ಐರಣೆ ಅವನಪ್ಪ ಮಾಡಿದ್ದು. ನನ್ನ ಮಕ್ಕಳ ಮದುವೆಯ ಐರಣೆಗಳು ಅವನವು. ನಮ್ಮ ಕಡೆ ಮದುವೆಗೆ ಮುಂಚೆ ಹೆಂಗಸರು ಕುಂಬಾರರ ಮನೆಗೆ ಹೋಗಿ, ಅಕ್ಕಿ, ಬೆಲ್ಲ, ತೆಂಗಿನಕಾಯಿ ಕೊಟ್ಟು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದ ಮಡಕೆಗಳನ್ನು ಪೂಜೆ ಮಾಡಿ ತಲೆ ಮೇಲೆ ಹೊತ್ತು ತರುತ್ತಾರೆ. ಅವೇ ಐರಣೆ. ಅವು ಹಸೆಯ ಪಕ್ಕ ಕೂತ ಮೇಲೆಯೇ ಗಂಡು ಹೆಣ್ಣು ಕೂರುವುದು.

ಈ ವರ್ಷ ಮೊಮ್ಮಗಳ ಮದುವೆ ಮದ್ದೂರಿನ ಕಲ್ಯಾಣ ಮಂಟಪದಲ್ಲಿ ಗೊತ್ತಾಯಿತು. ಡೆಕೊರೇಷನ್‌ನವನು ಮನೆಗೆ ಬಂದು ಫೋನಿನಲ್ಲಿ ಫೋಟೋ ತೋರಿಸಿದ. ಬಂಗಾರದ ಬಣ್ಣ ಬಳಿದು, ಮಣಿ ಅಂಟಿಸಿ, ಒಂದರ ಮೇಲೊಂದು ಪೇರಿಸಿದ ಮಡಕೆಗಳು.

"ತಟ್ಟಿದ್ರೆ ಏನಂತದೆ ಇದು?" ಎಂದು ಕೇಳಿದೆ.

"ಇದು ಫೈಬರ್ ಅಜ್ಜಿ. ಬಿದ್ರೂ ಒಡ್ಯಲ್ಲ."

"ಒಡೀದೆ ಇರೋ ಮಡಕೆಗೆ ಪೂಜೆ ಯಾಕಪ್ಪ? ಅದ್ರ ಪಾಡಿಗೆ ಅದಿರ್ತದೆ" ಅಂದೆ. ಅವನು ಫೋನು ಜೇಬಿಗಿಟ್ಟ.

ಹಾಗೆ ಒಂದು ಭಾನುವಾರ ಕುಂಬಾರಣ್ಣನಿಗೆ ವೀಳ್ಯ ಕೊಡಲು ಹೊರಟೆ. ಎಲೆ ಅಡಿಕೆ ಕೊಟ್ಟು, ನಮ್ಮ ಮನೆಗೆ ಐರಣೆ ಮಾಡಿಕೊಡು ಎಂದು ಬಾಯಿಬಿಟ್ಟು ಕೇಳಬೇಕು. ಅವನು ಎಲೆ ತೆಗೆದುಕೊಂಡರೆ ಒಪ್ಪಿದ ಹಾಗೆ. ಮೊಮ್ಮಗಳೇ ಸ್ಕೂಟರಿನಲ್ಲಿ ಕೂರಿಸಿಕೊಂಡಳು. ಅವಳು ಮಂಡ್ಯದ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ಹಿಂದೆ ಕೂರುವುದೆಂದರೆ ನನಗೆ ದೇವರ ನೆನಪು.

"ಅಜ್ಜಿ, ಗಟ್ಟಿಯಾಗ್ ಇಡ್ಕೊ."

"ಇಡ್ಕಂಡಿವ್ನಿ. ನೀನ್ ರಸ್ತೆ ನೋಡು, ಕಬ್ಬಿನ ಲಾರಿ ಬತ್ತಾ ಅದೆ."

"ನಾಲ್ಕ್ ಮಡಕೆಗೆ ಇಷ್ಟ್ ದೂರನಾ?"

"ನಿನ್ ಗಂಡುನ್ನ ನೋಡಕ್ಕೆ ಇದ್ಕಿಂತ ದೂರ ಓಗಿರ್ನಿಲ್ವಾ? ಅವನ್ನ ತಟ್ಟಿ ನೋಡಕ್ಕೂ ಬುಡ್ನಿಲ್ಲ ನೀನು."

ಅವಳು ನಕ್ಕಿದ್ದಕ್ಕೆ ಸ್ಕೂಟರು ಒಂದು ಸಲ ಓಲಾಡಿತು. ನಾನು ಅವಳ ಸೊಂಟ ಬಿಗಿಯಾಗಿ ತಬ್ಬಿಕೊಂಡೆ. ದೊಡ್ಡಿ ಪೇಟೆ ದಾಟಿ, ಮಳವಳ್ಳಿ ಕಡೆಗೆ ಹೋಗುವ ರಸ್ತೆಯಿಂದ ನಾಲೆ ಏರಿಗೆ ತಿರುಗಿದರೆ ಅವನ ಊರು.

ಕುಂಬಾರಣ್ಣನ ಮನೆಗೆ ಈಗ ಎರಡು ಮುಖ. ಬೀದಿಗೆ ಕಾಣುವುದು ಮಗ ಕಟ್ಟಿಸಿದ ತಾರಸಿ, ಹಸಿರು ಬಣ್ಣ, ಸ್ಟೀಲಿನ ಗ್ರಿಲ್ಲು. ಮಗ ಲಾರಿ ಓಡಿಸುತ್ತಾನೆ, ಕಬ್ಬು ಕಡಿಯುವ ಕಾಲದಲ್ಲಿ ಮನೆಯಲ್ಲಿ ಸಿಗುವುದಿಲ್ಲ. ಆ ತಾರಸಿಯ ಹಿಂದೆ ಹಳೇ ಹೆಂಚಿನ ಜಾಗ, ಅದು ಅಪ್ಪನದು. ಗೋಡೆಯೆಲ್ಲ ಹೊಗೆ ಹಿಡಿದು ಕಪ್ಪಾಗಿದೆ. ಮೂಲೆಯಲ್ಲಿ ಒದ್ದೆ ಗೋಣಿ ಹೊದ್ದ ಮಣ್ಣಿನ ಗುಡ್ಡೆ. ನಡುವೆ ನೆಲದಲ್ಲಿ ಹೂತ ಗೂಟ, ಅದರ ಮೇಲೆ ತಿಗರಿ. ಮಣ್ಣನ್ನಿಟ್ಟು ತಿರುಗಿಸುವ ಆ ಚಕ್ರ ಎತ್ತಿನ ಗಾಡಿಯ ಗಾಲಿಗಿಂತ ಒಸಿ ಚಿಕ್ಕದು, ಕಲ್ಲಿನಷ್ಟು ತೂಕ. ಪಕ್ಕದಲ್ಲಿ ಯಾರೋ ಯಾವಾಗಲೋ ಕೊಡಿಸಿದ ಕರೆಂಟಿನ ತಿಗರಿಯೂ ಇತ್ತು. ಅದರ ಮೇಲೆ ಕೋಳಿ ಕಾವು ಕೂತಿತ್ತು.

ಕುಂಬಾರಣ್ಣ ಜಗಲಿಯ ಮೇಲೆ ಗೋಡೆಗೆ ಒರಗಿದ್ದ. ಕಿವಿ ಹೋಗಿದೆ ಎಂದು ಕೇಳಿದ್ದೆ, ಇಷ್ಟು ಹೋಗಿದೆ ಎಂದು ಗೊತ್ತಿರಲಿಲ್ಲ. ಎದುರಿಗೆ ನಿಂತು ಕರೆದರೂ ತಿರುಗಲಿಲ್ಲ. ಅವನ ಸೊಸೆ ಒಳಗಿಂದ ಬಂದು ಕಿವಿಗೆ ಬಾಯಿಟ್ಟು ಕೂಗಿದಳು.

"ಮಾವ, ತಟ್ಟೋ ಅಜ್ಜಿ ಬಂದವ್ರೆ."

ಅವರ ಮನೆಯಲ್ಲಿ ನನ್ನ ಹೆಸರು ಅದು ಎಂದು ನನಗೆ ಅವತ್ತೇ ಗೊತ್ತಾಗಿದ್ದು.

"ಬಾ ಕಣವ್ವ" ಅಂದ. "ಎಲ್ಲೋ ಸತ್ತೋಗಿದ್ದೀಯೆ ಅಂದ್ಕಂಡಿದ್ದೆ."

"ಸಾಲಲ್ಲಿ ನೀನ್ ಮುಂದೆ ನಿಂತಿರೋವಾಗ ನಾನ್ ಹೆಂಗ್ ನುಗ್ಗನಣ್ಣ" ಎಂದು ಅವನ ಕಿವಿಯಲ್ಲಿ ಕೂಗಿದೆ. ಅವನು ನಗಲು ಹೋಗಿ ಕೆಮ್ಮಿದ. ಆ ಕೆಮ್ಮು ಬೇಗ ನಿಲ್ಲಲಿಲ್ಲ. ಮೊಮ್ಮಗಳು ಅವನ ಬೆನ್ನ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು. ಆ ನೋಟ ನನಗೆ ಗೊತ್ತು, ಆಸ್ಪತ್ರೆಯಿಂದ ಮನೆಗೆ ಬಂದಾಗ ಕೆಲವು ದಿನ ಅವಳ ಮುಖದಲ್ಲಿ ಅದೇ ಇರುತ್ತೆ.

"ಡಾಕ್ಟ್ರು ಬೆಂಕಿ ಒಗೆ ಮುಂದೆ ಕೂರ್ಬ್ಯಾಡ ಅಂದವ್ರೆ" ಎಂದಳು ಸೊಸೆ. "ಮಂಡ್ಯಕ್ಕೆ ಕರ್ಕಂಡೋಗಿ ಆಸ್ಪತ್ರೇಲಿ ಮಲಗಿಸ್ಕಂಡು ಬಂದೋ. ಬಂದ್ ಮಾರ್ನೇ ದಿನ ಮಣ್ ತುಳೀತಾ ನಿಂತವ್ರೆ. ನಾನ್ ಗಾರ್ಮೆಂಟ್ಸಿಗೆ ಓಗಿ ಬರೋ ಅಷ್ಟ್ರಲ್ಲಿ ಏನಾಗಿರ್ತದೋ ಅಂತ ದಿನಾ ಜೀವ ಕೈಲಿ."

ನಾನು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಮುಂದೆ ಹಿಡಿದೆ. ಕುಂಬಾರಣ್ಣ ಅದನ್ನು ನೋಡಿದ, ಕೈ ಚಾಚಲಿಲ್ಲ.

"ನನ್ ಕೈ ಓಗ್ಬುಟ್ಟದೆ ಕಣವ್ವ" ಅಂದ.

ಆಮೇಲೆ ಅವನು ಹೇಳಿದ್ದು ಇದು. ಅವರ ಮನೆಯಲ್ಲಿ ಎರಡು ಕಟ್ಟಲೆ. ಮಾಡಿದವನು ತನ್ನ ಮಡಕೆಯನ್ನು ತಾನೇ ತಟ್ಟಿ ನೋಡಬಾರದು. ಅವನ ಕಿವಿ ಅವನ ಕೈಯ ಪರವಾಗಿಯೇ ಕೇಳುತ್ತೆ. ಹೆಂಡತಿಯೋ ತಾಯಿಯೋ ತಟ್ಟಬೇಕು, ಗಂಡಸು ಅತ್ತ ತಿರುಗಿ ಕೂರಬೇಕು, ಹೆರಿಗೆ ಮನೆಯ ಹೊರಗೆ ಕೂರುವ ಹಾಗೆ. ಅವನ ಹೆಂಡತಿ ಇರುವವರೆಗೆ ಅವಳು ತಟ್ಟಿದಳು. ಅವಳು ಹೋದ ಮೇಲೆ ಸೊಸೆ ತಟ್ಟುತ್ತಾಳೆ. ಅಲ್ಲಿಂದ ಈಚೆಗೆ ಹಾಕಿದ ಆವಿಗೆಗಳೆಲ್ಲ, ಅಂದರೆ ಮಡಕೆ ಪೇರಿಸಿ ಸುಟ್ಟ ರಾಶಿಗಳೆಲ್ಲ, ಕೆಟ್ಟವು. ಒಂದೊಂದರಲ್ಲೂ ಮುಕ್ಕಾಲು ಪಾಲು ಡಬ್.

ಎರಡನೇ ಕಟ್ಟಲೆ, ಕೆಟ್ಟ ಆವಿಗೆಯ ಮೇಲೆ ತಿಗರಿ ಮಡಗಬಾರದು. ಕೆಲಸ ನಿಲ್ಲಿಸುವವನು ಒಳ್ಳೆಯ ಆವಿಗೆ ತೆಗೆದು, ಅವತ್ತೇ ತಿಗರಿಯನ್ನು ಗೂಟದಿಂದ ಎತ್ತಿ ಗೋಡೆಗೆ ಒರಗಿಸಬೇಕು. ಅವನಪ್ಪ ಹಾಗೇ ಮಾಡಿದ್ದು, ಅವನ ತಾತ ಹಾಗೇ ಮಾಡಿದ್ದು.

"ಮಡಗ್ಬೇಕು ಅಂತ ನಂಗೂ ಆಸೆನೇ" ಅಂದ. "ಮಂಡಿ ಮಡಚಕ್ಕಾಯ್ತಿಲ್ಲ. ಆದ್ರೆ ಒಂದ್ ಒಳ್ಳೇ ಆವಿಗೆ ಬರ್ಲಿ ಅಂತ ಇನ್ನೊಂದ್ ಆಕ್ತೀನಿ, ಅದೂ ಕೆಡ್ತದೆ. ಅಂತ ಇನ್ನೊಂದು. ಕೆಟ್ಟುದ್ರ್ ಮೇಲೆ ಮಡಗಿ ಓದ್ರೆ ನಮ್ಮಪ್ಪುನ್ ಮೊಕ ಹೆಂಗ್ ನೋಡನೆ?"

ಸೊಸೆ ನೆಲ ನೋಡುತ್ತಾ ನಿಂತಿದ್ದಳು.

"ನಿಮ್ಮಪ್ಪುನ್ ವಿಚಾರ ಆಮೇಲೆ" ಎಂದು ಕೂಗಿದೆ. "ಎಲೆ ಬಾಡ್ತಾ ಅದೆ, ಇಡ್ಕ."

"ಐರಣೆ ಕೆಟ್ರೆ?"

"ಕೆಟ್ರೆ ಕೆಡ್ತು ಅಂತ ಏಳ್ತೀನಿ. ಯಾವತ್ ಬುಟ್ಟಿವ್ನಿ ನಿನ್ನ?"

ಅವನು ಎಲೆ ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡ.

"ನೀನೇ ತಟ್ಬೇಕು. ಈ ಸಲ ನೀನ್ ಏನಂತೀಯೋ ಅದೇ. ನೀನ್ ಚೆನ್ನಾಗದೆ ಅಂದ್ರೆ ಅವತ್ತೇ ಮಡಗ್ತೀನಿ. ಇಲ್ಲ ಅಂದ್ರೆ ಇನ್ನೊಂದ್ ಆವಿಗೆ."

ಅವತ್ತೇ ಅವನು ಒಂದು ಮಡಕೆ ಎತ್ತಿ ತೋರಿಸಿದ. ಎತ್ತುವುದು ಅಂದರೆ ತಿಗರಿಯ ಮೇಲೆ ಮಣ್ಣಿಗೆ ಆಕಾರ ಕೊಡುವುದು. ಟೀ ಲೋಟ ಹಿಡಿದರೆ ಅರ್ಧ ಪಂಚೆಯ ಮೇಲೆ ಚೆಲ್ಲಿಕೊಳ್ಳುವಷ್ಟು ನಡುಕ ಅವನ ಕೈಯಲ್ಲಿ. ಮಣ್ಣು ಮುಟ್ಟಿದರೆ ನಡುಕ ಹೋಗುತ್ತೆ ಎಂದೇನೂ ಇಲ್ಲ. ಅವನು ಎರಡೂ ಮೊಣಕೈಯನ್ನು ತೊಡೆಗೆ ಒತ್ತಿ ಹಿಡಿದುಕೊಂಡ, ಕಟ್ಟಿಹಾಕಿದ ಹಾಗೆ. ಕೋಲಿನಿಂದ ತಿಗರಿ ತಿರುಗಿಸಿದ್ದು ಸೊಸೆ. ಮುದ್ದೆಯಷ್ಟಿದ್ದ ಮಣ್ಣು ಮೇಲೆ ಬಂತು, ಹೊಟ್ಟೆ ಬಿಟ್ಟಿತು, ಕಂಠ ಕಟ್ಟಿತು. ದಾರದಲ್ಲಿ ಕೊಯ್ದು ಕೆಳಗಿಟ್ಟ. ಒಣಗುವಾಗ ತಳವನ್ನು ಹಲಗೆಯಲ್ಲಿ ಬಡಿದು ಮುಚ್ಚುವುದು ಆಮೇಲಿನ ಕೆಲಸ.

"ಇದ್ರಲ್ ಏನ್ ಕೆಟ್ಟದೆ ತಾತ?" ಎಂದಳು ಮೊಮ್ಮಗಳು.

"ಈಗ್ ಗೊತ್ತಾಗಲ್ಲ ಕೂಸು. ಉರೀಲಿ ಗೊತ್ತಾಗೋದು."

ಹೊರಡುವಾಗ ಸೊಸೆ ಗ್ರಿಲ್ಲಿನವರೆಗೆ ಬಂದು ನನ್ನ ಕೈ ಹಿಡಿದುಕೊಂಡಳು.

"ಅಜ್ಜಿ, ಆವಿಗೆ ತೆಗ್ದಾಗ ಹೆಂಗಾನ ಇರ್ಲಿ, ಚೆನ್ನಾಗದೆ ಅಂತ ಒಂದ್ ಮಾತ್ ಏಳ್ಬುಡಿ. ನಿಮ್ ಮಾತ್ ನಂಬ್ತಾರೆ."

"ನಂಬೋದ್ಯಾಕೆ ಗೊತ್ತಾ? ನಾನ್ ಯಾವತ್ತೂ ಹಂಗ್ ಅಂದಿಲ್ಲ, ಅದ್ಕೆ."

"ಒಂದೇ ಸಲ ಅಜ್ಜಿ. ಇನ್ನೊಂದ್ ಆವಿಗೆ ಒಗೆ ಕುಡುದ್ರೆ ಮಾವ ಉಳ್ಯಲ್ಲ."

ಅವಳ ಮಾತು ಸುಳ್ಳಲ್ಲ. ಆದರೆ ಅವನು ಅಷ್ಟು ವರ್ಷ ನನ್ನ ಗೆಣ್ಣಿಗೆ ಹೆದರಿ ಮಣ್ಣು ತುಳಿದಿದ್ದಾನೆ. ಕೊನೆಯಲ್ಲಿ ಒಂದು ಸುಳ್ಳು ಕೈಗಿಟ್ಟು ಕಳಿಸಿದರೆ ಅದಕ್ಕೆಲ್ಲ ಏನು ಬೆಲೆ. "ಇದ್ದುದ್ ಏಳ್ತೀನಿ" ಎಂದು ಕೈ ಬಿಡಿಸಿಕೊಂಡೆ. ಊರು ಹತ್ತಿರ ಬಂದಾಗ ಮೊಮ್ಮಗಳು, "ಅಜ್ಜಿ, ನೀನು ಒಸಿ ಜಾಸ್ತಿನೇ ಗಟ್ಟಿ" ಅಂದಳು. "ಬೆಂದಿವ್ನಿ, ಅದ್ಕೆ" ಅಂದೆ.

ಮಡಕೆ ಒಣಗಿ, ಆವಿಗೆಗೆ ಹಾಕಿದ್ದಾರೆ ಎಂದು ಫೋನು ಬಂತು. ಬೆಂಕಿ ಆರಿ ರಾಶಿ ತಣ್ಣಗಾದ ಬೆಳಿಗ್ಗೆ ನಾವು ಹೋದೆವು. ಸೊಸೆ ಕೆಲಸಕ್ಕೆ ರಜ ಹಾಕಿ ನಿಂತಿದ್ದಳು. ಅಂಗಳದಲ್ಲಿ ಆವಿಗೆ ಬೂದಿಯ ಗುಡ್ಡವಾಗಿತ್ತು. ಹಿಂದೆ ಸೌದೆ ಹಾಕುತ್ತಿದ್ದರು, ಈಗ ಕಬ್ಬಿನ ಸೋಗೆ, ತೆಂಗಿನ ಮಟ್ಟೆ. ಅದರ ವಾಸನೆಗೆ ಆಲೆಮನೆ ನೆನಪಾಗುತ್ತೆ. ಕುಂಬಾರಣ್ಣ ಜಗಲಿಯ ಮೇಲೆ ನಮಗೆ ಬೆನ್ನು ಹಾಕಿ, ಗೋಡೆ ನೋಡುತ್ತಾ ಕೂತಿದ್ದ. ತಲೆಗೆ ಟವಲು ಕಟ್ಟಿದ್ದ. ನಾನು ಬಂದದ್ದು ಗೊತ್ತಾದರೂ ತಿರುಗಲಿಲ್ಲ.

ನಾನು ಒಗೆಯುವ ಕಲ್ಲಿನ ಮೇಲೆ ಕೂತೆ. ಸೊಸೆ ಬೂದಿ ಸರಿಸಿ ಮೊದಲನೇ ಮಡಕೆ ತೆಗೆದಳು. ಸೆರಗಿನಿಂದ ಒರೆಸಿದಳು. ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನನ್ನ ಕಡೆ ಬರುತ್ತಾ, ದಾರಿಯಲ್ಲೇ ಒಂದು ಸಲ ತಟ್ಟಿದಳು. ಡಬ್ ಅಂತು. ಅವಳ ಮುಖ ಇಳಿದುಹೋಯಿತು.

"ಇದೂ ಓಯ್ತು ಅಜ್ಜಿ."

"ಇತ್ತ ಕೊಡು."

ಕಂಠಕ್ಕೆ ಬೆರಳು ಕೊಟ್ಟು ಎತ್ತಿದೆ. ಗೆಣ್ಣಿನಲ್ಲಿ ಕೊಟ್ಟೆ. ಟಣ್ ಎಂದು ಅಂಗಳದ ಆಚೆಗೂ ಕೇಳಿತು. ಕರೆಂಟಿನ ತಿಗರಿಯ ಮೇಲಿದ್ದ ಕೋಳಿ ತಲೆ ಎತ್ತಿತು.

ಸೊಸೆ ಬಾಯಿ ಬಿಟ್ಟುಕೊಂಡು ನಿಂತಳು. ನಾನು ಮಡಕೆಯನ್ನು ಅವಳಿಗೇ ವಾಪಸು ಕೊಟ್ಟೆ.

"ಇನ್ನೊಂದ್ ಸಲ ತಟ್ಟು. ಯಾವಾಗ್ಲು ಹೆಂಗ್ ತಟ್ಟೀಯೋ ಹಂಗೇ."

ಅವಳು ಮಡಕೆಯನ್ನು ಸೊಂಟಕ್ಕೆ ಏರಿಸಿ, ಎಡಗೈಯಿಂದ ಸುತ್ತ ಬಳಸಿ, ಎದೆಗೆ ಆನಿಸಿಕೊಂಡು ತಟ್ಟಿದಳು. ಡಬ್.

"ಅದೇನವ್ವ ಮಗೀನ್ ಅವುಚ್ಕಂಡಂಗೆ ಅವುಚ್ಕಂಡಿದ್ದೀಯೆ?"

"ಬಿದ್ದೋದ್ರೆ ಅಜ್ಜಿ? ಮಾವ ಅಷ್ಟ್ ಕಷ್ಟ ಬಿದ್ದು ಮಾಡಿರ್ತಾರೆ."

"ಎಲ್ಲಾನೂ ಹಿಂಗೇ ತಟ್ಟಿದ್ದಾ? ಹಿಂದಿನ್ ಆವಿಗೆಗಳ್ನೂ?"

"ಊಂ."

ಕೈಯಲ್ಲಿ ಬಿಗಿ ಹಿಡಿದ ಗಂಟೆಯನ್ನು ಬಡಿದರೆ ಏನು ಕೇಳುತ್ತೆ? ಅವಳು ಕುಂಬಾರರ ಮಗಳೇ. ಆದರೆ ಅವಳಪ್ಪನ ಕಾಲಕ್ಕೇ ತವರಿನಲ್ಲಿ ತಿಗರಿ ನಿಂತಿತ್ತು. ಅವಳು ಬೆಳೆದದ್ದು ಸ್ಟೀಲಿನ ಬಿಂದಿಗೆಯಲ್ಲಿ ನೀರು ಹೊತ್ತು. ಅತ್ತೆ ಏನನ್ನೂ ಹೇಳಿಕೊಡುವ ಮುಂಚೆ ಹಾಸಿಗೆ ಹಿಡಿದಳು. ಹೆಂಡತಿಯಿದ್ದಾಗ ಮಾವ ಬೆನ್ನು ತಿರುಗಿಸಿ ಕೂತರೂ ಸದ್ದು ಕೇಳಿಸಿಕೊಳ್ಳುತ್ತಿದ್ದ. ಈಗ ಸದ್ದೂ ಇಲ್ಲ, ನೋಟವೂ ಇಲ್ಲ. ಸೊಸೆ ಬಂದು ಇಷ್ಟು ಡಬ್ ಮಾವ ಅಂದರೆ ಇಷ್ಟು ಡಬ್. ಅವಳು ಪ್ರಾಮಾಣಿಕವಾಗಿ ಕೇಳಿದ್ದನ್ನೇ ಹೇಳಿದ್ದಳು.

ಅವಳಿಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ.

"ಅಂಗಾದ್ರೆ ನಾನೇ ಮಾವುನ್ ಕೈಲಿ ಇಷ್ಟ್ ದಿನ ಒಗೆ ಕುಡಿಸ್ದೆ" ಅಂದಳು. ಕಣ್ಣಲ್ಲಿ ನೀರು ಬಂತು. ಬೂದಿ ಬಿದ್ದಿರಬೇಕು ಎಂದುಕೊಂಡು ನಾನು ಅತ್ತ ನೋಡಲಿಲ್ಲ. "ಅಜ್ಜಿ, ಮಾವಂಗೆ ಏಳ್ಬ್ಯಾಡಿ."

"ಏಳ್ದೆ ಇರಕ್ಕೆ ನಂಗ್ ಬರಲ್ಲ. ಮೊದ್ಲು ಕೆಲ್ಸ ಮುಗಿಸು, ತೆಗಿ."

ಒಂದೊಂದಾಗಿ ತೆಗೆದು ಕೊಟ್ಟಳು. ಒಂದೊಂದನ್ನೂ ಎತ್ತಿ ತಟ್ಟಿದೆ. ಐರಣೆಗಳನ್ನು ಬೇರೆ ಸಾಲಿಗೆ ಇಟ್ಟೆ. ಎಲ್ಲವೂ ಟಣ್. ಬುದ್ಧಿವಂತ ಕುಂಬಾರ ಐರಣೆಯನ್ನು ಲೆಕ್ಕಕ್ಕಿಂತ ಒಂದು ಹೆಚ್ಚಿಗೆ ಮಾಡಿರುತ್ತಾನೆ. ಆ ಹೆಚ್ಚಿಗೆಯದನ್ನು ಕೊನೆಗೆ ಎತ್ತಿದೆ. ಅದು ಡಬ್ ಅಂತು. ತಿರುಗಿಸಿ ನೋಡಿದೆ. ಕಂಠದ ಕೆಳಗೆ ಕೂದಲೆಳೆಯ ಹಾಗೆ ಒಂದು ಸೀಳು.

ಮೊಮ್ಮಗಳು ಮೆಲ್ಲಗೆ, "ಅದನ್ನ ಹೇಳ್ಬೇಡ ಬಿಡು ಅಜ್ಜಿ, ಲೆಕ್ಕಕ್ಕಿಲ್ವಲ್ಲ" ಅಂದಳು. ನಾನು ಅದನ್ನೇ ಕೈಯಲ್ಲಿ ಹಿಡಿದುಕೊಂಡು ಎದ್ದೆ. ಕುಂಬಾರಣ್ಣನ ಹತ್ತಿರ ಹೋಗುವ ಮುಂಚೆ ಹಿತ್ತಲ ಗೋಡೆಯ ಹಿಂದೆ ಹೋದೆ. ಹಿಂದಿನ ಆವಿಗೆಗಳಲ್ಲಿ ಡಬ್ ಎಂದು ಬಿಸಾಕಿದ ಮಡಕೆಗಳು ಅಲ್ಲಿ ಗುಡ್ಡೆ ಬಿದ್ದಿದ್ದವು. ಮೇಲಿನವು ಮಳೆಗೆ ಪಾಚಿ ಕಟ್ಟಿದ್ದವು. ಕೈಗೆ ಸಿಕ್ಕಿದ್ದನ್ನು ಎತ್ತಿ ತಟ್ಟುತ್ತಾ ಬಂದೆ. ಕೆಲವು ನಿಜವಾಗಿ ಹೋಗಿದ್ದವು. ಉಳಿದವು ದೇವಸ್ಥಾನದ ಗಂಟೆ.

ಜಗಲಿಗೆ ಬಂದು ಅವನ ಪಕ್ಕ ಕೂತು ಕಿವಿಗೆ ಬಾಯಿಟ್ಟೆ.

"ಆವಿಗೆ ಚೆನ್ನಾಗದೆ ಕಣಣ್ಣ."

ಅವನು ತಿರುಗಲಿಲ್ಲ.

"ನನ್ ಸೊಸೆ ಏಳ್ಕೊಟ್ಳಾ?"

"ಏಳ್ಕೊಟ್ಳು. ನಾನ್ ಕೇಳ್ನಿಲ್ಲ."

"ನೀನ್ ಯಾವತ್ತೂ ಆ ಮಾತ್ ಅಂದೋಳಲ್ಲ."

"ಯಾವತ್ತೂ ನೀನ್ ಬಾಯ್ಬುಟ್ ಕೇಳಿರ್ನಿಲ್ಲ. ಒಂದ್ ಓಗ್ಬುಟ್ಟದೆ. ಕಂಠದ್ ತವ ಸೀಳು. ಇಗಾ."

ಆಗ ತಿರುಗಿದ. ಎರಡೂ ಕೈ ಚಾಚಿದ. ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಕಂಠದ ಸುತ್ತ ತಡವುತ್ತಾ ಹೋದ. ಸೀಳಿನ ಮೇಲೆ ಬೆರಳು ನಿಂತಿತು. ಅವನ ಮುಖ ಸಡಿಲವಾದದ್ದು ಆಗ.

"ಅಂಗಾದ್ರೆ ನಿಜ" ಅಂದ. "ಒಂದೂ ಕೆಟ್ಟಿಲ್ಲ ಅಂದಿದ್ರೆ ನಂಬ್ತಿರ್ನಿಲ್ಲ."

ಇನ್ನೊಂದು ಮಾತು ಉಳಿದಿತ್ತು. ಸೊಸೆ ಬೂದಿ ಮೆತ್ತಿದ ಕೈಗಳನ್ನು ಕಟ್ಟಿಕೊಂಡು ಕಂಬದ ಪಕ್ಕ ನಿಂತಿದ್ದಳು. ಅವಳು ಬೇಡಿಕೊಂಡದ್ದು ನನಗೆ ನೆನಪಿತ್ತು. ಆದರೆ ಹೇಳದಿದ್ದರೆ ಆ ಹಿಂದಿನ ಆವಿಗೆಗಳು ಅವನ ಹೆಸರಿನಲ್ಲಿ ಕೆಟ್ಟವಾಗಿಯೇ ಉಳಿಯುತ್ತವೆ.

"ಹಿಂದಿನ್ವೂ ಕೆಟ್ಟಿರ್ನಿಲ್ಲ. ಈಗ ಗೋಡೆ ಹಿಂದೆ ತಟ್ಕಂಡ್ ಬಂದೆ. ನಿನ್ ಸೊಸೆಗೆ ತಟ್ಟಾಕ್ ಬರಲ್ಲ. ಎದೆಗೆ ಅವುಚ್ಕಂಡು ತಟ್ಟವ್ಳೆ, ಎಲ್ಲಿ ಬಿದ್ದೋಯ್ತದೋ ಅಂತ."

ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲ ಕೂಗಿದೆ. ಕೇಳಿಸಿತ್ತು. ಅವನು ಸೊಸೆಯನ್ನು ನೋಡಿದ. ಅವಳು ತಲೆ ಎತ್ತಲಿಲ್ಲ.

"ಅವುಚ್ಕಂಡಾ?" ಅಂದ.

ಅವಳು ತಲೆಯಾಡಿಸಿದಳು.

ಕುಂಬಾರಣ್ಣ ನಗಲು ಶುರುಮಾಡಿದ. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ಮೊಮ್ಮಗಳು ನೀರು ತಂದಳು. ಕುಡಿದು, ಅರ್ಧ ಮೈಮೇಲೆ ಚೆಲ್ಲಿಕೊಂಡು, ಹೇಳಿದ.

"ನನ್ನ ನಮ್ಮವ್ವನೂ ಅಂಗ್ ಎತ್ಕಂಡಿರ್ನಿಲ್ಲ ಕಣವ್ವ."

ಸೊಸೆ ಕಂಬ ಬಿಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮುಖಕ್ಕೆ ಸೆರಗು ಮುಚ್ಚಿಕೊಂಡಳು. "ನನ್ನಿಂದ ನಿಮ್ಗೆ ಇಷ್ಟ್ ಕಷ್ಟ ಆಯ್ತಲ್ಲ ಮಾವ" ಎಂದು ಸೆರಗಿನೊಳಗಿಂದಲೇ ಅಂದಳು. ಅವನಿಗೆ ಕೇಳಿಸದು. ನಾನು ಅದನ್ನು ಅವನ ಕಿವಿಗೆ ದಾಟಿಸಿದೆ.

"ಏನ್ ಕಷ್ಟ?" ಅಂದ ಅವನು. "ನನ್ನೆಂಡ್ತಿ ಸತ್ತ ವರ್ಷನೇ ಆವಿಗೆ ಒಳ್ಳೇದಾಗಿದ್ರೆ ಅವತ್ತೇ ಮಡಗ್ಬೇಕಾಗಿತ್ತು. ಮಡಗ್ಬುಟ್ಟು ಏನ್ ಮಾಡ್ತಿದ್ದೆ? ಅವ್ಳ್ ಫೋಟೋ ನೋಡ್ಕಂಡು ಕೂತಿರ್ತಿದ್ದೆ. ಅಷ್ಟು ಆವಿಗೆ ನಂಗೆ ಲಾಭ. ಏಳ್ಬುಡು ಅವ್ಳಿಗೆ."

ಅವಳು ಎರಡು ಮಾರು ದೂರದಲ್ಲಿ ಕೂತಿದ್ದಳು. ಹೇಳುವ ಅಗತ್ಯವಿರಲಿಲ್ಲ. ಆದರೂ ಹೇಳಿದೆ.

ಅವನು ಕೈಯಲ್ಲಿದ್ದ ಸೀಳು ಮಡಕೆಯನ್ನು ಪಕ್ಕಕ್ಕಿಟ್ಟ. ಆಮೇಲೆ ಗೋಡೆ ಹಿಡಿದು ಎದ್ದ.

"ಕುಂಕುಮ ತತ್ತಾ ಕಣವ್ವ" ಎಂದು ಸೊಸೆಗೆ ಹೇಳಿದ.

ತಿಗರಿಗೆ ನೀರು ಹಾಕಿ ತೊಳೆದ. ಉಗುರಿನಿಂದ ಕೆರೆದು ಅಂಚಿನಲ್ಲಿದ್ದ ಒಣ ಮಣ್ಣನ್ನೂ ತೆಗೆದ. ಕುಂಕುಮ ಇಟ್ಟ. ಒಂದು ಸಲ ಕೈಯಿಂದಲೇ ತಿರುಗಿಸಿ, ಅದು ತಾನಾಗಿ ನಿಲ್ಲುವವರೆಗೆ ಕಾದ. ಎತ್ತಲು ಅವನೊಬ್ಬನಿಂದ ಆಗಲಿಲ್ಲ. ಒಂದು ಕಡೆ ಸೊಸೆ, ಒಂದು ಕಡೆ ಮೊಮ್ಮಗಳು ಹಿಡಿದರು. ಕೈಗೆ ಮೆಹಂದಿ ಹಾಕಿಸಿಕೊಳ್ಳಬೇಕಾದ ಹುಡುಗಿ ಮೊಣಕೈವರೆಗೆ ಕೆಸರು ಮಾಡಿಕೊಂಡಳು. ನಾನು ಹಿಡಿಯಲಿಲ್ಲ, ನನ್ನ ಸೊಂಟ ನನಗೆ ಗೊತ್ತು. "ಒಸಿ ಎಡಕ್ಕೆ, ಕಾಲ್ ನೋಡ್ಕಳಿ" ಎಂದು ಹೇಳುತ್ತಾ ನಿಂತೆ. ತಿಗರಿ ಗೋಡೆಗೆ ಒರಗಿತು. ನೆಲದ ನಡುವೆ ಗೂಟ ಒಂದೇ ಉಳಿಯಿತು, ತುದಿ ಸವೆದು ನುಣ್ಣಗೆ.

ಸೊಸೆ ಆ ಗೂಟವನ್ನು ನೋಡಿ, "ಯಾರಾನ ಎಡವ್ತಾರೆ" ಅಂದಳು. ಸೀಳಿದ ಐರಣೆಯನ್ನು ಎತ್ತಿಕೊಂಡು ಬಂದು ಗೂಟದ ಮೇಲೆ ಬೋರಲು ಹಾಕಿದಳು. ಅದನ್ನೂ ಎದೆಗೆ ಅವುಚಿಕೊಂಡೇ ತಂದಳು.

ಮದುವೆ ಆಯಿತು. ಐರಣೆಗಳು ಸುಣ್ಣ ಕೆಮ್ಮಣ್ಣಿನ ಪಟ್ಟೆ ಹೊತ್ತು ಹಸೆಯ ಪಕ್ಕ ಕೂತವು. ಡೆಕೊರೇಷನ್‌ನವನು ಅವಕ್ಕೂ ಒಂದು ಲೈಟು ಬಿಟ್ಟ. ಕುಂಬಾರಣ್ಣ ಸೊಸೆಯ ಜೊತೆ ಬಂದು, ಮುಂದಿನ ಸಾಲಿನಲ್ಲಿ ಕೂತು, ಗಂಡು ಹೆಣ್ಣನ್ನು ಬಿಟ್ಟು ಮಡಕೆಗಳನ್ನೇ ನೋಡುತ್ತಿದ್ದ. ಊಟದಲ್ಲಿ ಹೋಳಿಗೆ ಎರಡು ಸಲ ಹಾಕಿಸಿಕೊಂಡ.

ಮೊನ್ನೆ ದೊಡ್ಡಿಗೆ ಹೋದವಳು ಅವನ ಮನೆಗೂ ಹೋಗಿ ಬಂದೆ. ಕೆಮ್ಮು ಕಡಿಮೆಯಾಗಿದೆ. ಅದಕ್ಕೆ ಮಾತು ಜಾಸ್ತಿಯಾಗಿದೆ. ಗೋಡೆ ಹಿಂದಿನ ಗುಡ್ಡೆಯನ್ನು ಸೊಸೆ ಒಂದೊಂದಾಗಿ ಎತ್ತಿ ತಟ್ಟಿ, ಗಟ್ಟಿಯವನ್ನು ತೊಳೆದು ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದಾಳೆ. ಈಗ ಗಾಳಿಯಲ್ಲಿ ಎತ್ತಿ ಹಿಡಿದೇ ತಟ್ಟುತ್ತಾಳೆ. ಕಲಿತಿದ್ದಾಳೆ, ಆದರೆ ಮುಖ ಗಂಟು ಹಾಕುವುದು ಇನ್ನೂ ಬಂದಿಲ್ಲ. ಟೀ ತರಲು ಅವಳು ಒಳಗೆ ಹೋದಾಗ, ಕೈ ಸುಮ್ಮನಿರಲಾರದೆ ನಾನು ಗೂಟದ ಮೇಲಿನ ಮಡಕೆಯನ್ನು ಎತ್ತಿ ಹಿಡಿದು ಒಂದು ಕೊಟ್ಟೆ.

ಕುಂಬಾರಣ್ಣ ಜಗಲಿಯಿಂದ ನನ್ನ ಕೈಯನ್ನೇ ನೋಡುತ್ತಿದ್ದ.

"ಏನಂತದೆ?" ಎಂದು ಕೇಳಿದ.

"ಡಬ್" ಎಂದು ಕೂಗಿದೆ.

"ಅಂಗಾದ್ರೆ ನಿನ್ ಕಿವಿ ಇನ್ನೂ ನೆಟ್ಗದೆ" ಅಂದ. "ಬಾ, ಕೂತ್ಕ."